ಬೆನ್ನ ಮೇಲಿನ ಜೇಬು

ಅಮ್ಮನಿಗೆ ನಮಸ್ಕಾರ,

ಹಿಂದಿನ ಎರಡು ಪತ್ರ ತಲುಪಿರಬೇಕು. ಉತ್ತರ ಯಾಕಿಲ್ಲ ಅಂತ ಕೇಳಲ್ಲ. ನಿನಗೆ ಹೇಳದೆ ಮದುವೆಯಾದವಳು ನಾನು, ಕೇಳೋ ಮುಖ ನನಗಿಲ್ಲ.

ಮಗಳಿಗೆ ಈಗ ಐದು ತಿಂಗಳು. ಅಂಗಡೀಲಿ ಕೂಸಿನ ಬಟ್ಟೆ ಗೇಣುದ್ದ, ಬೆಲೆ ಮಾರುದ್ದ. ನಮ್ಮನೆಯವರು ದೂರದ ಸೇತುವೆ ಕೆಲಸಕ್ಕೆ ಹೋಗಿ ಎರಡು ತಿಂಗಳಾಯ್ತು. ನಾಲ್ಕು ಕಾಸು ಉಳೀಲಿ ಅಂತ ಅವರ ಹಳೇ ಅಂಗಿಯ ಹೊಲಿಗೆ ಬಿಚ್ಚಿ ಮಗಳಿಗೊಂದು ಹೊಲಿದೆ. ಅಂದಾಜಿನ ಮೇಲೆ ಕತ್ತರಿಸಿದ್ದಕ್ಕೆ ಜೇಬು ಬೆನ್ನ ಮೇಲೆ ಬಂತು. ನಗು ತಡೆಯೋಕಾಗಲಿಲ್ಲ. ಯಾರಿಗಾದರೂ ತೋರಿಸೋಣ ಅಂದ್ರೆ ಮನೇಲಿ ಯಾರಿದ್ದಾರೆ? ಅವಳಿಗೇ ಕನ್ನಡಿ ಹಿಡಿದೆ. ಅವಳು ಕನ್ನಡಿ ನೆಕ್ಕಿದಳು.

ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟವಳ ಮಗಳು ನಾನು. ನೀನು ಕಲಿ ಕಲಿ ಅಂದಾಗ ಕಲೀಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಿಲ್ಲ.

ಒಂದು ಉಪಕಾರ ಆಗಬೇಕು. ನಾನು ಕೂಸಾಗಿದ್ದಾಗ ನನ್ನ ಅಂಗಿ ಕತ್ತರಿಸೋಕೆ ಮಾಡಿಕೊಂಡಿದ್ದ ಅಳತೆ ಕಾಗದಗಳು ನಿನ್ನ ಮಿಷನ್ನಿನ ಡ್ರಾಯರಿನಲ್ಲಿ ಇನ್ನೂ ಇದ್ದರೆ ಕಳಿಸು. ಸ್ಟಾಂಪ್ ಅಂಟಿಸಿ, ವಿಳಾಸ ಬರೆದು, ಕವರನ್ನು ಇದರೊಳಗೇ ಇಟ್ಟಿದ್ದೀನಿ. ನೀನು ಮಡಚಿ ಹಾಕಿದರೆ ಆಯ್ತು. ಜೊತೆಗೆ ಪತ್ರ ಬರೀಬೇಕು ಅಂತೇನಿಲ್ಲ. ಆ ಕಾಗದಗಳ ಮೇಲೆ ‘ಮುಂದೆ’, ‘ಹಿಂದೆ’ ಅಂತ ಪೆನ್ಸಿಲಿನಲ್ಲಿ ಬರೆದಿದ್ದೀಯಲ್ಲ, ಓದೋಕೆ ನನಗೆ ಅಷ್ಟು ಸಾಕು.

ನಿನ್ನ ಮಗಳು