ಉಗ್ಗುತ್ತಲೇ ಹೇಳಿದ ಕಥೆ

ಅಪ್ಪಾ,

ನೀನು ಹೋಗಿ ಎಷ್ಟೋ ಕಾಲವಾಯಿತು. ಆದರೂ ಇದನ್ನು ಮೊದಲು ನಿನಗೇ ಹೇಳಬೇಕು. ಖುಷಿ ತಡೆಯಲಾಗುತ್ತಿಲ್ಲ! ಇಂದು ಸಂಜೆ ನಾನು ವೇದಿಕೆ ಹತ್ತಿ, ಮೈಕಿನ ಮುಂದೆ ನಿಂತು, ನಮ್ಮಿಬ್ಬರ ಉಗ್ಗಿನ ಕಥೆ ಹೇಳಿದೆ.

ರಂಗಮಂದಿರದ ಕುರ್ಚಿಗಳೆಲ್ಲ ತುಂಬಿದ್ದವು. ನಿನಗೆ ಕಾಫಿ ಎಂದರೆ ಪ್ರಾಣ. ಆದರೆ ಹೋಟೆಲಿನಲ್ಲಿ ಆ ಪದಕ್ಕೆ ನಾಲಿಗೆ ತಡವರಿಸುತ್ತದೆಂದು ಯಾವಾಗಲೂ ಟೀ ತರಿಸುತ್ತಿದ್ದೆಯಲ್ಲ, ಅದನ್ನು ಹೇಳಲು ಹೊರಟೆ. ನೋಡಿದರೆ ನಾನೂ ಅಲ್ಲೇ ಸಿಕ್ಕಿಕೊಂಡೆ! ಎಂದಿನಂತೆ ಬೇರೆ ಪದಕ್ಕೆ ಹಾರಿಬಿಡಬಹುದಿತ್ತು. ಹಾರಲಿಲ್ಲ.

"ಕಾ... ಕಾ... ಕಾ..."

ಮುಂದಿನ ಸಾಲಿನ ಅಜ್ಜಿಯೊಬ್ಬರು, "ನಿಧಾನಕ್ಕೆ ಹೇಳಮ್ಮ, ನಮಗೇನೂ ಬಸ್ಸು ತಪ್ಪಲ್ಲ" ಎಂದರು.

"ಕಾಗೆ ಅಲ್ಲಜ್ಜಿ, ಕಾಫಿ!" ಎಂದೆ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು, ನಾನೂ ನಕ್ಕೆ. ಅಲ್ಲಿಂದ ಕಥೆ ತಾನೇ ಓಡಿತು. ಇಷ್ಟು ವರ್ಷ ನಾಟಕಗಳಲ್ಲಿ ಬೇರೆಯವರ ಮಾತನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದ ನನಗೆ ನನ್ನ ದನಿ ಹೀಗಿದೆಯೆಂದು ಇವತ್ತೇ ಗೊತ್ತಾಯಿತು ಅಪ್ಪಾ! ಕೊನೆಗೆ ಚಪ್ಪಾಳೆಯೋ ಚಪ್ಪಾಳೆ.

ಹೊರಗೆ ಬರುವಾಗ, ಕಥೆ ಕೇಳಲು ಬಂದಿದ್ದ ಅಮ್ಮನನ್ನು ಕೇಳಿದೆ: "ಅಪ್ಪ ಇದ್ದಿದ್ರೆ ಏನ್ಮಾಡ್ತಿದ್ದ?"

"ನಾಚ್ಕೊಂಡು ಮಧ್ಯದಲ್ಲೇ ಎದ್ದು ಹೋಗ್ತಿದ್ರು" ಎಂದಳು. ಮೆಟ್ಟಿಲಿಳಿಯುತ್ತಾ, "ಆದ್ರೆ ಬಾಗಿಲಾಚೆ ನಿಂತು ಪೂರ್ತಿ ಕೇಳ್ತಿದ್ರು" ಎಂದಳು.

ಮುಂದಿನ ವಾರ ಮತ್ತೆ ಕರೆದಿದ್ದಾರೆ. ಬಾಗಿಲು ತೆರೆದೇ ಇರಲಿ ಎಂದು ಹೇಳುತ್ತೇನೆ.