ಉಸಿರು ಮೊದಲು, ಕಾಲು ಆಮೇಲೆ

ಶಿಕಾರಿಪುರ
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಅಣ್ಣಯ್ಯನಿಗೆ,

ನಿನ್ನ ತಂಗಿ ದಿವ್ಯಳ ನಮಸ್ಕಾರ. ನಾನಿಲ್ಲಿ ಕ್ಷೇಮ. ಕ್ಷೇಮಕ್ಕಿಂತ ಒಂದು ಕೈ ಹೆಚ್ಚೇ ಇದ್ದೇನೆ, ಯಾಕೆಂದು ಈಗಲೇ ಹೇಳುತ್ತೇನೆ. ನೀನು, ಅತ್ತಿಗೆ, ಮಕ್ಕಳು, ಕೊಟ್ಟಿಗೆಯಲ್ಲಿರುವ ನಿನ್ನ ಮುದ್ದಿನ ಹೋರಿ ಪಟಾಕಿ, ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ಶಿಕಾರಿಪುರದಿಂದ ಕುಬಟೂರಿಗೆ ಕಾಗದ ಬರೆಯುವ ಹುಚ್ಚಿ ಇವಳೊಬ್ಬಳೇ ಎಂದು ನೀನು ನಗಬಹುದು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ನಿಮ್ಮ ಮನೆಯಲ್ಲಿರುತ್ತೇನೆ. ಆದರೆ ಎದುರಿಗೆ ಬಂದರೆ ನೀನು 'ಪಟಾಕಿಗೆ ನೀರು ಕುಡಿಸ್ಕಂಡ್ ಬರ್ತೀನಿ' ಎಂದು ಎದ್ದು ಹೋಗುತ್ತೀ. ಫೋನು ಮಾಡಿದರೆ 'ಹ್ಞೂಂ', 'ಆಯ್ತು', 'ಇಡ್ಲಾ?' ಇಷ್ಟೇ. ಒಂದು ವರ್ಷದಿಂದ ನಾಲ್ಕನೆಯ ಮಾತು ಕೇಳಿಲ್ಲ. ಕಾಗದವಾದರೆ ಓದಿಯೇ ಓದುತ್ತೀ. ಗೊಬ್ಬರದ ಚೀಲದ ಮೇಲಿನ ಅಕ್ಷರವನ್ನೂ ಬಿಡದೆ ಓದುವವನು ನೀನು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು, ಮೂರು ಸಲ ಬರೆದು ಹರಿದು ಹಾಕಿದ್ದೆ.

ಸುದ್ದಿ ಇದು: ನಮ್ಮ ಸಂಶೋಧನಾ ಲೇಖನವನ್ನು ಪತ್ರಿಕೆಯವರು ಒಪ್ಪಿಕೊಂಡರು! ನಮ್ಮ ಎಂದರೆ ನನ್ನದೂ ನಿನ್ನದೂ. ಹೆಸರುಗಳ ಸಾಲಿನಲ್ಲಿ ಮೊದಲು ನಾನು, ಎರಡನೆಯದು 'ಸುರೇಂದ್ರ ಜಟ್ಟಪ್ಪ, ಕುಬಟೂರು, ಸೊರಬ ತಾಲ್ಲೂಕು', ಮೂರನೆಯದು ನನ್ನ ಗೈಡ್ ಮಹಾಂತೇಶ್ ಸರ್. ಆದರೆ ಲೇಖಕರೆಲ್ಲರೂ ಒಂದೊಂದು ಫಾರಂಗೆ ರುಜು ಹಾಕಿ ಕಳಿಸಬೇಕು. ನಿನ್ನದನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನ ರುಜು ಇಲ್ಲದೆ ಲೇಖನ ಅಚ್ಚಾಗುವುದಿಲ್ಲ, ಅಚ್ಚಾಗದೆ ನನಗೆ ಡಾಕ್ಟರೇಟಿಲ್ಲ. ಇಪ್ಪತ್ತೆಂಟನೇ ತಾರೀಖು ಕಡೆಯ ದಿನ. ರುಜು ಹಾಕುವ ಮೊದಲು ಕಾಗದ ಪೂರ್ತಿ ಓದು.

ಸುದ್ದಿ ಬಂದ ಬೆಳಿಗ್ಗೆ ನಾನು ಕೂಗಿದ ಕೂಗಿಗೆ ಮನೆ ಓನರ್ ರಾಜೇಶ್ವರಮ್ಮ ಕೈಯಲ್ಲಿ ಲಟ್ಟಣಿಗೆ ಹಿಡಿದೇ ಓಡಿ ಬಂದರು. "ಏನಾತ್ರೀ ಟೀಚರೇ, ಹಾವೇನ್ರೀ?" ಎಂದರು. ವಿಷಯ ಹೇಳಿದೆ. "ಹೋರಿ ಉಸಿರಾಡೋದು ಪೇಪರ್‌ನಾಗೆ ಬರ್ತೈತೇನ್ರೀ? ನಾನೂ ಅರವತ್ತು ವರ್ಷದಿಂದ ಆಡ್ತಾ ಅದೀನಿ, ಒಬ್ಬರೂ ಬರೀಲಿಲ್ಲ ನೋಡ್ರೀ" ಎಂದು ನಕ್ಕು, ಬಾಯಿಗೆ ಸಕ್ಕರೆ ಹಾಕಿ ಹೋದರು. ಅವತ್ತು ಕಾಲೇಜಿನಲ್ಲಿ ಎರಡು ಕ್ಲಾಸಿನ ಹುಡುಗರಿಗೆ ಗಣಿತ ಬಿಟ್ಟು ನಿನ್ನ ಕಥೆಯನ್ನೇ ಹೇಳಿದೆ.

ಆ ಕಥೆಯ ಅರ್ಧ ನಿನಗೇ ಗೊತ್ತಿದೆ. ನನ್ನ ಕಡೆಯ ಅರ್ಧವನ್ನು ಕೇಳು. ಮಿದುಳಿನ ಬುಡದಲ್ಲಿ, ಕತ್ತಿಗೆ ಸೇರುವ ಕಡೆ, ಉಸಿರಿನ ತಾಳ ಹಾಕುವ ನರಕೋಶಗಳ ಗುಂಪೊಂದಿದೆ. ಬೆನ್ನುಹುರಿಯಲ್ಲಿ ಕಾಲಿನ ತಾಳ ಹಾಕುವ ಗುಂಪುಗಳಿವೆ. ಪ್ರಾಣಿ ಓಡುವಾಗ ಈ ಎರಡು ತಾಳ ಹೇಗೆ ಕೂಡುತ್ತವೆ ಎಂಬುದು ನನ್ನ ಪ್ರಶ್ನೆ. ಒಂದೊಂದು ನರಕೋಶಕ್ಕೂ ಒಂದೊಂದು ಸಮೀಕರಣ ಬರೆದು, ಅಂಥ ಸಾವಿರಾರನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಕಟ್ಟಿದ್ದೆ. "ನಿನ್ನ ಕಂಪ್ಯೂಟರ್ ಹೋರಿ ಸಗಣಿ ಹಾಕತ್ತನೇ?" ಎಂದು ನೀನು ಕೇಳಿದ್ದೆ. ಹಾಕುತ್ತಿತ್ತು ಅಣ್ಣಯ್ಯ, ಎರಡು ವರ್ಷ ಅದು ಹಾಕಿದ್ದೆಲ್ಲ ಅದೇ. ಕಾಲು ಓಡುತ್ತದೆ, ಕಾಲಿನಿಂದ ಮೇಲಕ್ಕೆ ಸುದ್ದಿ ಹೋಗುತ್ತದೆ, ಆಮೇಲೆ ಉಸಿರು ಏರುತ್ತದೆ ಎಂದು ನಾನು ಕಟ್ಟಿದ್ದೆ. ಕೇಳಲು ಸರಿಯಾಗಿಯೇ ಇದೆ. ಆದರೆ ನನ್ನ ಹೋರಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ತಾಳ ತಪ್ಪಿ ನಿಂತುಬಿಡುತ್ತಿತ್ತು.

ಅದಕ್ಕೇ ನಿಜವಾದ ಹೋರಿಯನ್ನು ಅಳೆಯಲು ನಿನ್ನ ಹತ್ತಿರ ಬಂದದ್ದು. ಪಟಾಕಿಯ ಎದೆಗೆ ಉಸಿರು ಅಳೆಯುವ ಬೆಲ್ಟು, ನಾಲ್ಕು ಕಾಲಿಗೂ ಹೆಜ್ಜೆ ಅಳೆಯುವ ಬೆಂಕಿಪೊಟ್ಟಣದಷ್ಟು ಡಬ್ಬಿ. ಕೊಯ್ಲಾದ ಗದ್ದೆಯಲ್ಲಿ ಬರೀ ಅಭ್ಯಾಸದ ಓಟ. ಆದರೂ ಹೋರಿ ಹಬ್ಬದ ಅಖಾಡಕ್ಕೆ ಹೊರಟ ಹಾಗೆ ಕೊಬ್ಬರಿ ಹಾರ ಹಾಕದೆ ಅದನ್ನು ಹೊರಗೆ ತರಲು ನೀನು ಒಪ್ಪಲೇ ಇಲ್ಲ. "ಕೊಬ್ರಿ ಇಲ್ದೆ ಬಿಟ್ರೆ ನೋಡಿದೋರು ಎಂತ ಅಂತಾರೆ? ಎಮ್ಮೆ ಅಂತಾರೆ." ಆಗಲಿ ಎಂದೆ. ಮನೆಗೆ ಬಂದು ನೋಡಿದರೆ ಉಸಿರಿನದೂ ಅಲ್ಲದ, ಕಾಲಿನದೂ ಅಲ್ಲದ ಮೂರನೆಯ ತಾಳವೊಂದು ದಾಖಲಾಗಿತ್ತು! ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲದ ನರಗಳ ಗುಂಪು ಸಿಕ್ಕಿತೆಂದು ನಾನೂ ಮಹಾಂತೇಶ್ ಸರ್ ಕೂಡ ಮೂರು ವಾರ ನೆಲದ ಮೇಲಿರಲಿಲ್ಲ. ಕೊನೆಗೆ ಆ ಓಟದ ವಿಡಿಯೋ ನೋಡಿದ ಅತ್ತಿಗೆ, "ಇದು ಬೆಲ್ಟಿಗೆ ಕೊಬ್ರಿ ಬಡಿಯದಲ್ಲನೇ?" ಎಂದರು. ಹೌದು, ಕೊಬ್ಬರಿಯೇ. ಸರ್‌ಗೆ ಫೋನು ಮಾಡಿ ಹೇಳಿದೆ. ಅವರು, "ಆ ಕೊಬ್ರೀನ ಹೋಳಿಗೆಗಾದ್ರೂ ಹಾಕ್ರೀ ಮೇಡಂ" ಎಂದರು.

ಹಾರ ತೆಗೆಸಿದ ದಿನ ನೀನು ಮುಖ ಊದಿಸಿಕೊಂಡು, ಪಟಾಕಿಯ ಪಕ್ಕೆಯ ಮೇಲೆ ಅಂಗೈ ಇಟ್ಟು ನಿಂತಿದ್ದೆ. ಹಗ್ಗ ಬಿಡು ಎಂದು ನಾನು ಕೈ ಬೀಸಿದೆ. ನೀನು ಬಿಡಲಿಲ್ಲ. "ತಡಿಯೇ, ಇನ್ನೂ ಹೊರಟಿಲ್ಲ ಅದು." ಸ್ವಲ್ಪ ಹೊತ್ತಿಗೆ ನೀನೇ, "ಹಾಂ, ಈಗ ಹೊರಟ್ತು" ಎಂದೆ. ಹೋರಿಯ ಒಂದು ಕಾಲೂ ಆಗ ನೆಲ ಬಿಟ್ಟಿರಲಿಲ್ಲ. ನೀನು ಹಗ್ಗ ಬಿಟ್ಟೆ, ಅದು ಹಾರಿತು. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ನೀನು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದೆ.

"ಪಕ್ಕೆ ಹೇಳತ್ತೆ. ಎರಡು ಗಿಡ್ಡ ಉಸಿರು ಎಳೀತದೆ. ಕಾಲೆದ್ದ ಮೇಲೆ ಉಸಿರು ಏಳದಲ್ಲ ಕಣೇ. ಉಸಿರು ಮೊದಲು, ಕಾಲು ಆಮೇಲೆ. ಹೋರಿ ಕಟ್ಟಿದೋರಿಗೆಲ್ಲ ಗೊತ್ತು."

ನನಗೆ ಮಾತ್ರ ಗೊತ್ತಿರಲಿಲ್ಲ ನೋಡು. ಮನೆಗೆ ಬಂದವಳೇ ಕಂಪ್ಯೂಟರಿನ ಹೋರಿಗೆ ಒಂದು ಹೊಸ ದಾರಿ ಕೊಟ್ಟೆ: ಓಡು ಎಂಬ ಅಪ್ಪಣೆ ಕಾಲಿನ ಸುದ್ದಿಗೂ ಕಾಯದೆ ಮಿದುಳಿನಿಂದ ನೇರವಾಗಿ ಉಸಿರಿನ ಗುಂಪಿಗೆ ಹೋಗುವ ದಾರಿ. ಬೇರೇನನ್ನೂ ಮುಟ್ಟಲಿಲ್ಲ. ಹೋರಿ ಓಡಿತು ಅಣ್ಣಯ್ಯ! ನಡಿಗೆಯಿಂದ ಓಟಕ್ಕೆ, ಓಟದಿಂದ ನಾಗಾಲೋಟಕ್ಕೆ, ಹೆಜ್ಜೆಗೊಂದು ಉಸಿರು, ಒಂದೂ ತಪ್ಪದೆ. ಪರದೆಯ ಮುಂದೆ ಕೂತು ಅತ್ತೆ. ಆಮೇಲೆ ಪಟಾಕಿಯನ್ನು ನಲವತ್ತನಾಲ್ಕು ಸಲ ಓಡಿಸಿ ಅಳೆದೆವಲ್ಲ, ಅದರಲ್ಲಿ ನಲವತ್ತೊಂದು ಸಲ ಉಸಿರೇ ಮೊದಲು ಎದ್ದಿತ್ತು.

ಇನ್ನು ನಿನಗೆ ಗೊತ್ತಿಲ್ಲದ ಜಗಳದ ಸುದ್ದಿ. ಲೇಖನ ಕಳಿಸುವಾಗ ನಿನ್ನ ಹೆಸರು ನೋಡಿ ಮಹಾಂತೇಶ್ ಸರ್ ಪೆನ್ನು ಕೆಳಗಿಟ್ಟರು. "ನೋಡ್ರೀ ಮೇಡಂ, ಕೊನೇಲಿ ಕೃತಜ್ಞತೆ ಅಂತ ಇರ್ತೈತಲ್ಲ, ಅಲ್ಲಿ 'ಸ್ಥಳೀಯ ರೈತರೊಬ್ಬರಿಗೆ' ಅಂತ ಹಾಕೋಣ. ಹೋರಿ ಕಟ್ಟೋರನ್ನ ಲೇಖಕರು ಅಂದ್ರೆ ನಗ್ತಾರೆ" ಎಂದರು.

"ನಗಲಿ ಸರ್" ಎಂದೆ.

"ತಿರಸ್ಕಾರ ಆದ್ರೆ? ನಿಮ್ಮ ಅವಧಿ ಬೇರೆ ಮುಗೀತಾ ಬಂದೈತಿ."

"ಈ ಲೇಖನದ ಮುಖ್ಯ ಮಾತು ಯಾರದು ಸರ್? ನಿಮ್ಮದಾ, ನನ್ನದಾ?" ಎಂದು ಕೇಳಿದೆ. ಸರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆ ಹೆಸರು ತೆಗೆದರೆ ನನ್ನದನ್ನೂ ತೆಗೆಯಿರಿ ಎಂದುಬಿಟ್ಟೆ. ಸರ್ ಒಳ್ಳೆಯವರು, "ಹಾಕ್ರೀ, ಆಗಿದ್ದಾಗಲಿ" ಎಂದರು. ಪತ್ರಿಕೆಯವರು ಎರಡು ಸಲ ತಿದ್ದಲು ಹಿಂದಕ್ಕೆ ಕಳಿಸಿದರು, ಸಮೀಕರಣಗಳನ್ನು ಕೆದಕಿ ಕೆದಕಿ ಪ್ರಶ್ನೆ ಕೇಳಿದರು. ನಿನ್ನ ಹೆಸರಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಪರಿಶೀಲಿಸಿದವರಲ್ಲೊಬ್ಬರು, 'ಮಿದುಳಿನಿಂದ ಉಸಿರಿಗೆ ಹೋಗುವ ಆ ನೇರ ದಾರಿಯೇ ಈ ಲೇಖನದ ಜೀವ' ಎಂದು ಬರೆದಿದ್ದಾರೆ. ಅದು ನಿನ್ನ ಅಂಗೈಯಿಂದ ಬಂದದ್ದು.

ಹೆಮ್ಮೆಯಿಂದ ಬೀಗಿಹೋಗಿದ್ದೇನೆ, ನೀನೂ ಬೀಗು. ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಕೊಬ್ಬರಿ ಕಂಡುಹಿಡಿದವರು ಅವರು. ಮಕ್ಕಳಿಬ್ಬರಿಗೂ ಅತ್ತೆಯ ಆಶೀರ್ವಾದ. ಚೆನ್ನಾಗಿ ಓದಲಿ, ಅದರ ಜೊತೆಗೆ ಪಕ್ಕೆ ಮುಟ್ಟಿ ನೋಡುವುದನ್ನೂ ನಿನ್ನಿಂದ ಕಲಿಯಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ,
ದಿವ್ಯ

ತಾ.ಕ.: ಲಕೋಟೆ ಅಂಟಿಸಿಯೂ ಆಗಿತ್ತು. ಮತ್ತೆ ಬಿಚ್ಚಿದೆ.

ಹೋದ ವರ್ಷ ಶಿವಮೊಗ್ಗದಲ್ಲಿ ನಾನು ಭಾಷಣ ಮಾಡಿದ ದಿನ ನೀನು ಗೆಳೆಯನ ಕಾರು ಕೇಳಿ ತಂದು, ಹೊಸ ಬಿಳಿ ಅಂಗಿ ತೊಟ್ಟು ನನ್ನನ್ನು ಕರೆದುಕೊಂಡು ಹೋದೆ. ಕೊನೆಯ ಸಾಲಿನಲ್ಲಿ ಕೂತು ಪೂರ್ತಿ ಕೇಳಿದೆ. ನಾನು ನಿನ್ನ ಮಾತನ್ನೇ ನನ್ನದೆಂಬಂತೆ ಒಂದು ಗಂಟೆ ಹೇಳಿದೆ. ಮುಗಿದ ಮೇಲೆ ಬೇರೆ ಊರಿಂದ ಬಂದಿದ್ದ ದೊಡ್ಡ ಮನುಷ್ಯರೊಬ್ಬರು ನಿನ್ನತ್ತ ನೋಡಿ, "ನಿಮ್ಮ ಡ್ರೈವರಾ ಇವರು?" ಎಂದು ಕೇಳಿದರು. ನಾನು ಹೌದು ಸರ್ ಎಂದೆ. "ಡ್ರೈವರ್‌ಗಳಿಗೆ ಊಟ ಕೆಳಗಡೆ ಇದೆ" ಎಂದರು. ನೀನು ಕೆಳಗೆ ಹೋದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಅಷ್ಟು ಜನರ ನಡುವೆ ನಿನ್ನನ್ನು ನನ್ನವನು ಎನ್ನಲು ನಾಚಿಕೆಯಾಯಿತು, ಅಣ್ಣಯ್ಯ.

ಹೊರಡುವಾಗ ನೀನು ಕಾರಿನ ಹಿಂದಿನ ಬಾಗಿಲು ತೆಗೆದು ನಿಂತೆ. ನಾನು ಮುಂದೆ ಹೋಗಿ ನಿನ್ನ ಪಕ್ಕ ಕೂರಬೇಕಾಗಿತ್ತು. ಹಿಂದೆಯೇ ಕೂತೆ. ಶಿಕಾರಿಪುರ ಬರುವವರೆಗೂ ನಿನ್ನ ಕತ್ತನ್ನು ನೋಡುತ್ತ ಬಂದೆ. ತಪ್ಪಾಯಿತು.

ಫಾರಂನ ಕೊನೆಯಲ್ಲಿ ಒಂದು ಪ್ರಶ್ನೆ ಇದೆ: ಇತರ ಲೇಖಕರೊಂದಿಗೆ ನಿಮಗೆ ಯಾವುದಾದರೂ ಸಂಬಂಧ ಉಂಟೇ? ನನ್ನ ಫಾರಂನಲ್ಲಿ, 'ಉಂಟು, ಎರಡನೆಯ ಲೇಖಕರು ನನ್ನ ಒಡಹುಟ್ಟಿದ ಅಣ್ಣ' ಎಂದು ಬರೆದು ಕಳಿಸಿದ್ದೇನೆ. ನಿನ್ನದರಲ್ಲಿ ಉಳಿದದ್ದನ್ನೆಲ್ಲ ನಾನೇ ತುಂಬಿದ್ದೇನೆ. ಆ ಒಂದು ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಅದನ್ನು ನೀನೇ ಬರೆಯಬೇಕು.