ಎಡಗಡೆಯ ಬಟ್ಟಲು

ಕೊಳ್ಳೇಗಾಲ,
೧೩ ಆಗಸ್ಟ್ ೨೦೨೪, ಮಂಗಳವಾರ

ನನ್ನ ಬಂಗಾರದಂಥ ಮಗಳು ರಾಣಿಗೆ,

ಹೇಗಿದ್ದೀಯವ್ವಾ? ಪರೇಡಿನಲ್ಲಿ ಹಿಮ್ಮಡಿ ಒಡೆದು ರಕ್ತ ಬಂತು ಅಂದಿದ್ದೆಯಲ್ಲ, ವಾಸಿಯಾಯಿತಾ? ಮಲಗುವಾಗ ಹರಳೆಣ್ಣೆ ಸವರಿ ಕಾಲುಚೀಲ ಹಾಕಿಕೋ. ಬೆಳಗಿನ ತಿಂಡಿ ಬಿಟ್ಟು ಓಡಬೇಡ, ಬಿಸಿಲಿಗೆ ತಲೆ ತಿರುಗುತ್ತೆ. ಪೊಲೀಸ್ ತರಬೇತಿ ಅಂದರೆ ಇಷ್ಟು ಕಟ್ಟುನಿಟ್ಟು ಅಂತ ನನಗೆ ಗೊತ್ತಿರಲಿಲ್ಲ ಮಗಳೇ, ಭಾನುವಾರ ಹತ್ತು ನಿಮಿಷ ಬಿಟ್ಟರೆ ಫೋನೇ ಕೊಡಲ್ಲ ಅಂತೀಯ. ಆ ಹತ್ತು ನಿಮಿಷದಲ್ಲಿ ಒಂಬತ್ತನ್ನು ನಿಮ್ಮಮ್ಮನೇ ನುಂಗಿಹಾಕ್ತಾಳೆ. ಅದಕ್ಕೇ ಈ ಕಾಗದ. ಇಲ್ಲಿ ನಿಮ್ಮಮ್ಮ ಚೆಲುವಮ್ಮ ಚೆನ್ನಾಗಿದ್ದಾಳೆ, ಮಂಡಿನೋವು ಮಾತ್ರ ಹಾಗೇ ಇದೆ. ನೀನು ಖಾಕಿ ಹಾಕಿಕೊಂಡ ಫೋಟೋವನ್ನು ಬೀದಿಯಲ್ಲಿ ನೋಡದೋರು ಯಾರೂ ಉಳಿದಿಲ್ಲ.

ನೀನು ಬಿಟ್ಟುಹೋದ ಹೆಡ್‌ಫೋನಿನ ಕತೆ ಹೇಳಬೇಕು. ನನ್ನ ಲೇತ್ ಮಿಷಿನ್ನಿನ ಗಲಾಟೆ ತಡೀಲಾರದೆ ಆರು ತಿಂಗಳು ಅದನ್ನು ಕಿವಿಗೆ ಕವುಚಿಕೊಂಡೇ ಅಲ್ಲವಾ ನೀನು ಪರೀಕ್ಷೆಗೆ ಓದಿದ್ದು. ಕಿವಿ ಮುಚ್ಚೋ ಪ್ಲಾಸ್ಟಿಕ್ ಬಟ್ಟಲು ಎರಡೂ ಬಿರುಕು ಬಿಟ್ಟಾಗ "ಊರಿಗೆಲ್ಲಾ ರೇಷ್ಮೆ ಸುತ್ತೋ ಉರುಳೆ ಕಡೆದುಕೊಡ್ತೀಯ ಅಪ್ಪಾ, ನನಗೆರಡು ಬಟ್ಟಲು ಕಡೆದುಕೊಡೋಕಾಗಲ್ವಾ" ಅಂದಿದ್ದೆ. ಮರ ಯಾವುದು ಹಾಕೋದು ಅಂತ ಯೋಚನೆ ಮಾಡ್ತಿದ್ದಾಗ ಮಾಂಬಳ್ಳಿಯ ಶಿವರುದ್ರಸ್ವಾಮಿ ತೋಟದಲ್ಲಿ ಹಳೇ ಹಿಪ್ಪುನೇರಳೆ ಮರ ಬುಡಮೇಲಾಗಿ ಎರಡು ವರ್ಷದಿಂದ ಒಣಗಿ ಬಿದ್ದಿದೆ ಅಂತ ಗೊತ್ತಾಯಿತು. ಸೊಪ್ಪು ಹುಳಕ್ಕೆ, ಕೊಂಬೆ ಒಲೆಗೆ ಅನ್ನೋದು ಬಿಟ್ಟರೆ ಆ ಮರದಲ್ಲಿ ಇಂಥಾ ಬಣ್ಣ ಇದೆ ಅಂತ ಯಾರಿಗೆ ಗೊತ್ತು? ಉಳಿ ತಾಕಿಸಿದರೆ ಅರಿಶಿನದ ಹಾಗೆ ಹಳದಿ, ಎರಡು ದಿನ ಬಿಸಿಲು ಕಂಡರೆ ಜೇನಿನ ಬಣ್ಣ. ಒಳಗೆ ಸ್ಪೀಕರ್ ಕೂರೋಕೆ ಮೆಟ್ಟಿಲು ಬಿಟ್ಟು, ಗೋಡೆಯನ್ನು ಬಳೆ ದಪ್ಪಕ್ಕೆ ತಂದು, ವೈರಿಗೆ ತೂತು ಕೊರೆದು, ಜೇನುಮೇಣ ಉಜ್ಜಿದೆ. ಮೂವತ್ತು ವರ್ಷ ಉರುಳೆ ಕಡೆದಿದ್ದೀನಿ, ಒಂದು ದಿನವೂ ಇಷ್ಟು ಆಸೆಯಿಂದ ಕಡೆದಿರಲಿಲ್ಲ.

ಜೋಡಿಸಿದ ಮೇಲೆ ನಿನ್ನ ಹಳೇ ಫೋನಿಗೆ ಸಿಕ್ಕಿಸಿದೆ. ನೀನೇ ಓದಿ ರೆಕಾರ್ಡ್ ಮಾಡಿಕೊಂಡಿದ್ದ ಪಾಠ ಇತ್ತು, ಗ್ರಾಮ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಅಂತ. ನಿನ್ನ ದನಿ ಕೇಳಿ ಕಣ್ಣು ತುಂಬಿತು. ಆಮೇಲೆ ಗೊತ್ತಾಯಿತು, ದನಿ ಬಲಗಡೆ ಮಾತ್ರ ಇದೆ. ಎಡಗಡೆ ಏನೂ ಇಲ್ಲ. ಗೋಡೆ ದಪ್ಪ ಆಯಿತೇನೋ ಅಂತ ಎಡಗಡೆ ಬಟ್ಟಲನ್ನು ಮತ್ತೆ ಮಿಷಿನ್ನಿಗೆ ಹಿಡಿದು ತೆಳ್ಳಗೆ ಮಾಡಿದೆ, ಸೀಳಿಹೋಯಿತು. ಇನ್ನೊಂದು ಕಡೆದೆ. ಆಗಲೂ ಇಲ್ಲ. ವೈರು ಬಿಟ್ಟಿರಬೇಕು ಅಂತ ಮೊಬೈಲ್ ರಿಪೇರಿ ಶಿವರಾಜು ಹತ್ತಿರ ತಕೊಂಡು ಹೋದೆ. ಅವನು ಹಾಕಿಕೊಂಡು ತಲೆ ಆಡಿಸಿದ. "ಎರಡ್ ಕಡೀಕೂ ಗಂಟೆ ಒಡದಂಗೆ ಕೇಳ್ತಾ ಅದೆ ಕಣ್ ಮಾವ, ಎಂಥಾ ಸೌಂಡು! ನಂಗೂ ಒಂದ್ ಜೊತೆ ಮಾಡ್ಕೊಡು" ಅಂದ. ನಾನು ನಕ್ಕೆ.

ಮನೆಗೆ ಬಂದು ಕೊಠಡಿ ಬಾಗಿಲು ಹಾಕಿಕೊಂಡೆ. ಹೆಡ್‌ಫೋನನ್ನು ತಿರುಗಿಸಿ, ಎಡದ ಬಟ್ಟಲು ಬಲಗಿವಿಗೆ ಬರೋ ಹಾಗೆ ಹಾಕಿಕೊಂಡೆ. ನೀನು ಪಂಚಾಯ್ತಿ ಪಾಠ ಓದ್ತಾ ಇದ್ದೆ, ಸ್ಪಷ್ಟವಾಗಿ. ಈಗಲೂ ಬಲಗಿವಿಯಲ್ಲೇ. ಬಟ್ಟಲಲ್ಲಿ ದೋಷ ಇರಲಿಲ್ಲ ಮಗಳೇ. ಎಡಗಿವಿಯಲ್ಲಿ ಜೀರುಂಡೆ ಕೂಗೋ ಹಾಗೆ ಒಂದು ಸದ್ದು ಒಂದು ವರ್ಷದಿಂದ ಇತ್ತು, ಮಿಷಿನ್ನಿನದ್ದು ಅಂದುಕೊಂಡಿದ್ದೆ. ಫೋನನ್ನು ಯಾವಾಗಲೂ ಬಲಗಿವಿಗೇ ಹಿಡಿಯೋನಿಗೆ ಎಡದ ಸುದ್ದಿ ಹೇಗೆ ತಿಳೀಬೇಕು? ನಿಮ್ಮಮ್ಮ ಒಲೆ ಮುಂದಿನಿಂದ "ಆಲು ಉಕ್ತಾ ಅದೆ, ಇಳ್ಸೀ ಅಂತ ಎಷ್ಟ್ ಸಲ ಬಡ್ಕೋಬೇಕು, ಬೇಕಂತ್ಲೇ ಕೇಳಿಸ್ಕಳಲ್ಲ ನೀವು" ಅಂತ ಬೈತಿದ್ದದ್ದೆಲ್ಲಾ ಒಂದೊಂದಾಗಿ ನೆನಪಾಯಿತು. ಅವಳು ಯಾವಾಗಲೂ ನನ್ನ ಎಡಕ್ಕೇ ಇರ್ತಿದ್ದಳು.

ಅವತ್ತಿನಿಂದ ಮಿಷಿನ್ ಆನ್ ಮಾಡೋಕೆ ಕೈ ಹೋಗಲ್ಲ. ಯಾಕೆ ಅಂದರೆ ನೆಟ್ಟಗೆ ನಿಂತಿದ್ದರೂ ನೆಲ ಎಡಕ್ಕೆ ಜಾರಿದ ಹಾಗೆ ಆಗುತ್ತೆ, ಉಳಿ ಹಿಡಿದಾಗ ಹಾಗಾದರೆ ಬೆರಳು ಉಳಿಯಲ್ಲ. ಹೋದ ಬುಧವಾರ ತೊಟ್ಟಿಲ ಕಾಲು ಕೊಡೋಕೆ ಹನೂರಿಗೆ ಹೋಗಿದ್ದೆ. ಬಸ್ಸಿಳಿದು ರಸ್ತೆ ದಾಟ್ತಾ ಇದ್ದೆ ಅಷ್ಟೆ, ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದರು. ಮೂಗಿನ ಮುಂದೆಯೇ ಲಾರಿ ಹೋಯಿತು, ಅದರ ಗಾಳಿಗೆ ನನ್ನ ಟವಲು ಹಾರಿಹೋಯಿತು. ಹೂವು ಮಾರೋ ಸೋಮಮ್ಮ ಅಂತೆ, ಜಗ್ಗಿದ್ದು. "ಅಷ್ಟ್ ಆರನ್ ಒಡೀತಾವ್ನೆ, ಸಾಯಾಕ್ ಬಂದಿದ್ದೀಯಾ ಯಜಮಾನ?" ಅಂದಳು. ಹಾರನ್ ಎಲ್ಲಿತ್ತು ಮಗಳೇ? ನನಗೆ ಅದು ಬಲಗಡೆ ಎಲ್ಲೋ ದೂರದಲ್ಲಿ ಕೂಗಿದ ಹಾಗಿತ್ತು, ಲಾರಿ ಬಂದದ್ದು ಎಡಗಡೆಯಿಂದ. ಅವಳ ಹೂವಿನ ಬುಟ್ಟಿ ಪಕ್ಕದಲ್ಲಿ ಕೂತೆ. ಅವಳು ನೀರು ಕೊಟ್ಟು, ಹೂವು ಕಟ್ತಾ ಕೂತಳು.

ಮಾರನೇ ದಿನವೇ ಇಲ್ಲಿ ಕಿವಿ ಡಾಕ್ಟರಿಗೆ ತೋರಿಸಿದೆ. ಮಿಷಿನ್ ಸದ್ದಿಗೆ ಹೀಗಾಗಿದೆ, ವಯಸ್ಸೂ ಆಯಿತು ಅಂದರು. ಕಿವಿಗೆ ಹನಿ ಕೊಟ್ಟಿದ್ದಾರೆ. ಹಾಕ್ಕೋತಾ ಇದ್ದೀನಿ, ಗಾಬರಿಯಾಗೋದೇನೂ ಇಲ್ಲ. ಹೆಡ್‌ಫೋನು ನಿನ್ನ ಪೆಟ್ಟಿಗೆಯಲ್ಲಿ ಮೆತ್ತನೆ ಬಟ್ಟೆ ಸುತ್ತಿ ಇಟ್ಟಿದ್ದೀನಿ, ತರಬೇತಿ ಮುಗಿಸಿ ಬಂದಾಗ ತಕೋ. ಮೇಲಿನೋರಿಗೆ ಎದುರು ಮಾತಾಡಬೇಡ. ಓಟದಲ್ಲಿ ಹಿಂದೆ ಬೀಳೋ ಹುಡುಗೀರನ್ನ ನೋಡಿ ನಗಬೇಡ. ಬೆಟ್ಟದ ದೇವರು ಮಾದಪ್ಪ ನಿನ್ನ ಬೆನ್ನಿಗಿರಲಿ, ನಿನ್ನ ಹೆಗಲ ಮೇಲೆ ಸರ್ಕಾರದ ಪಟ್ಟಿ ಬಿದ್ದ ದಿನ ನಿಮ್ಮಮ್ಮನೂ ನಾನೂ ಮುಂದಿನ ಸಾಲಲ್ಲೇ ಕೂತಿರೋ ಹಾಗೆ ಮಾಡಲಿ.

ನಿನ್ನ ಹಾದಿ ಕಾಯುವ ಅಪ್ಪ,
ಪುಟ್ಟಮಾದಪ್ಪ

ಅಂಟಿಸಿದ್ದ ಕವರನ್ನು ಹರಿದು ಬರೀತಿದ್ದೀನಿ, ಅಕ್ಷರ ಸೊಟ್ಟ ಇದ್ದರೆ ಓದಿಕೋ. ಡಾಕ್ಟರ್ ಹೇಳಿದ್ದು ಅಂತ ಮೇಲೆ ಬರೆದದ್ದು ಸುಳ್ಳು. ಮಿಷಿನ್ನಿನಿಂದಾದರೆ ಎರಡೂ ಕಿವಿ ಹೋಗಬೇಕು, ಒಂದೇ ಹೋಗಿದ್ದರೆ ತಲೆ ಒಳಗೆ ನೋಡಬೇಕು ಅಂದರು. ಶನಿವಾರ ಉಳಿ ತರ್ತೀನಿ ಅಂತ ನಿಮ್ಮಮ್ಮನಿಗೆ ಹೇಳಿ ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದೆ. ಕಿವಿಯಿಂದ ಮಿದುಳಿಗೆ ಹೋಗೋ ನರದ ಮೇಲೆ ಗಂಟು ಬೆಳೆದಿದೆಯಂತೆ, ರೇಷ್ಮೆಗೂಡಿನಷ್ಟು. ಕ್ಯಾನ್ಸರ್ ಥರ ಕಾಣಲ್ಲ ಅಂದರು, ಆದರೆ ಬಿಟ್ಟರೆ ಮಿದುಳನ್ನು ಒತ್ತುತ್ತಂತೆ. ಸೆಪ್ಟೆಂಬರ್ ೪ ಬುಧವಾರ ಆಪರೇಷನ್. ಆ ಕಿವಿ ವಾಪಸ್ ಬರಲ್ಲ. ಮುಖದ ನರ ಪಕ್ಕದಲ್ಲೇ ಇದೆಯಂತೆ, ತಾಕಿದರೆ ಬಾಯಿ ಸೊಟ್ಟಗಾಗಬಹುದು. ನೀನು ತರಬೇತಿ ಬಿಟ್ಟು ಬರಬೇಡ, ನನ್ನಾಣೆ. ಒಂದೇ ಒಂದು ಉಪಕಾರ ಮಾಡು. ನಿಮ್ಮಮ್ಮನಿಗೆ ಹೇಳೋಕೆ ಮೂರು ಸಲ ಬಾಯಿ ತೆಗೆದೆ, ಮೂರು ಸಲವೂ ನೀರು ಕೇಳಿ ಕುಡಿದು ಎದ್ದುಹೋದೆ. ತುಂಬಾ ಹೆದರಿಕೊಂಡಿದ್ದೀನಿ ಮಗಳೇ. ಈ ಭಾನುವಾರ ಫೋನು ಮಾಡಿದಾಗ ನೀನೇ ಅವಳಿಗೆ ಹೇಳಿಬಿಡು. ನಾನು ಪಕ್ಕದಲ್ಲೇ ಕೂತಿರ್ತೀನಿ.